ಹೂವಿನ ಬಸ್ಸಿನ ಯಶೋದಮ್ಮ

ಬೂಕನಕೆರೆ ಬಸ್‌ಸ್ಟಾಪಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಯಶೋದಮ್ಮನ ಬೆರಳುಗಳು ಮಾತ್ರ ಆಗಲೇ ಚುರುಕಾಗಿವೆ; ಮಡಿಲಲ್ಲಿ ಸೇವಂತಿಗೆ ಮಾಲೆ ಬೆಳೆಯುತ್ತಿದೆ. ಪಾಂಡವಪುರದ ಕಡೆ ಹೋಗುವ ಖಾಸಗಿ ಬಸ್ಸು ಬಂದು ನಿಲ್ಲುತ್ತದೆ. ಅಲ್ಲಿನ ಅಂಗಡಿಗೆ ಕಳಿಸುವ ಹೂವಿನ ಕುಕ್ಕೆಯನ್ನು ಟಾಪಿಗೇರಿಸಿ, ಮೊಬೈಲನ್ನು ಬಾಯಿಗೆ ಹಿಡಿದು, ಟೀಚರಮ್ಮನ ಗತ್ತಿನಲ್ಲಿ ಹೇಳುತ್ತಾರೆ: "ಹೂವಿನ ಬಸ್ಸು ಬಂದಿದೆ."

ಆ ಮಾತು ಅಕ್ಷರವಾಗಿ ಬಸ್ಸಿನ ವೇಳೆ ತಿಳಿಸುವ ಒಂದು ವೆಬ್‌ಸೈಟಿಗೆ ಹೋಗುತ್ತದೆ. ಅದನ್ನು ನಡೆಸುವವರು ಶ್ರೀರಂಗಪಟ್ಟಣದ ಮೊಬೈಲ್ ರಿಪೇರಿ ಅಂಗಡಿಯ ರಘುನಂದನ್. ಮೊದಲು ಅವರೊಬ್ಬರೇ ಬಸ್ಸಿನ ವೇಳೆ ಹಾಕಿಕೊಂಡು ಕೂತಿದ್ದಾಗ ಒಂದು ನರಪಿಳ್ಳೆಯೂ ಆ ಕಡೆ ಸುಳಿಯಲಿಲ್ಲ. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು ಎಂದ ಮೇಲೆ ನಾಗಮಂಗಲ, ಪಾಂಡವಪುರದವರೆಲ್ಲ ಕೈಜೋಡಿಸಿದ್ದಾರೆ. ಬಸ್ಸು ಕೆಟ್ಟರೆ ಜನಕ್ಕೆ ಮನೆಯಲ್ಲೇ ಗೊತ್ತಾಗುತ್ತದೆ. ಸೈಟು ನೋಡಿದವರು ಅಂಗಡಿಗೂ ಬರುತ್ತಾರೆ.

ಯಶೋದಮ್ಮನಿಗೆ ಇದೊಂದೂ ತಲೆಗೆ ಹತ್ತಿಲ್ಲ. "ಬರೆಯೋರೂ ನಾವೇ, ಓದೋರೂ ನಾವೇ. ಅಂಗಾರೆ ಅದು ಆವಪ್ಪಂದು ಎಂಗಾಯ್ತದೆ? ಕೇಳುದ್ರೆ, ನಿಮ್ದೂ ಹೌದು ಕಣವ್ವ ಅಂತದೆ. ನಂದೂ ಆದ್ರೆ, ನಾನ್ ಬರ್ದಿದ್ನ ಇನ್ಯಾರೋ ಅಳಿಸ್ತಾರಲ್ಲ, ಇದ್ಯಾವ ನ್ಯಾಯ?"

ಗಂಡ ತೀರಿಕೊಂಡ ಮೇಲೆ ಹೂವು ಮಾರಲು ಇಲ್ಲಿ ಕೂತವರು ಇವರು. ಬಿಸಿಲು ಮಳೆಗೆ ತಲೆಯ ಮೇಲೊಂದು ಪ್ಲಾಸ್ಟಿಕ್ ಹಾಳೆ, ಅಷ್ಟೆ. ಸ್ಟಾಪಿನಲ್ಲಿ ವೇಳೆಯ ಬೋರ್ಡಿಲ್ಲ. ಕೇಳುವವರಿಗೆಲ್ಲ ಯಶೋದಮ್ಮನೇ ಬೋರ್ಡು. ಇದನ್ನು ಕಂಡ ಪಕ್ಕದ ಬೀದಿಯ ಸ್ನೇಹ, ಪಾಂಡವಪುರದಲ್ಲಿ ನರ್ಸಿಂಗ್ ಓದುವ ಹುಡುಗಿ, ಸೈಟಿಗೆ ಬರೆಯುವುದನ್ನೂ ಅಳಿಸುವುದನ್ನೂ ಕಲಿಸಿದಳು. ಅಳಿಸುವುದನ್ನು ಕಲಿಸಿದ್ದೇ ಎಡವಟ್ಟಾಯಿತು.

ಬೆಳಗಿನ ಬಸ್ಸುಗಳ ಸಾಲಿನಲ್ಲಿ ಯಶೋದಮ್ಮ ಸೇರಿಸಿದ 'ಹೂವಿನ ಬಸ್ಸು' ಪದೇಪದೇ ಮಾಯ. ಅದರ ಜಾಗದಲ್ಲಿ 'ಡೈರಿ ಬಸ್ಸು'. ಪಾಂಡವಪುರದ ಹತ್ತಿರದ ಚೌಡಯ್ಯ ಎಂಬ ರೈತರ ಕೆಲಸ ಅದು. ಅಂಥ ಹೆಸರಿನ ಬಸ್ಸು ತಮ್ಮ ಸ್ಟಾಪಿಗೆ ಬರುವುದೇ ಇಲ್ಲ, ಸುಳ್ಳು ಎಂದುಕೊಂಡು ಯಶೋದಮ್ಮ ಅದನ್ನು ಅಳಿಸುತ್ತಾರೆ, ಇವರದನ್ನು ಚೌಡಯ್ಯ. ಒಂದು ಸಂಜೆ ಎರಡೂ ಇಲ್ಲವಾದವು. ಅದೇ ಹೊತ್ತಿಗೆ ಸ್ನೇಹ ಸೈಟು ನೋಡಿದಳು. ಬಸ್ಸು ನಿಂತೇಹೋಗಿದೆ ಎಂದುಕೊಂಡು ಬೆಳಿಗ್ಗೆ ಮುಂದಿನ ಬಸ್ಸು ಹಿಡಿದಳು. ಪ್ರಾಕ್ಟಿಕಲ್ ಪರೀಕ್ಷೆ ಕೈತಪ್ಪಿತು.

"ಅತ್ತೆ, ನಿಮ್ ಜಗಳದಲ್ಲಿ ನನ್ ಪರೀಕ್ಷೆ ಹೋಯ್ತಲ್ಲ!" ಎಂದು ಅವಳು ಅತ್ತಾಗ ಯಶೋದಮ್ಮ ಕಟ್ಟುತ್ತಿದ್ದ ಮಾಲೆಯನ್ನು ಬದಿಗಿಟ್ಟು ಮೊಬೈಲ್ ಎತ್ತಿಕೊಂಡರು. ಚೌಡಯ್ಯನಿಗೆ ಸೈಟಿನಲ್ಲೇ ಬಯ್ದು ಬರೆದರು. ಚೌಡಯ್ಯನೂ ಬಿಡುವವರಲ್ಲ, ಹಾಲಿನ ಡೈರಿ ಮುಂದೆ ನಿಂತ ಬಸ್ಸಿನ ಫೋಟೊ ಹಾಕಿ, "ಇದೇನು ಸುಳ್ಳಾ?" ಎಂದರು.

ಫೋಟೊ ನೋಡಿದ ಯಶೋದಮ್ಮ ಬೆಪ್ಪಾದರು. ಬಸ್ಸಿನ ಟಾಪಿನ ಮೇಲೆ, ಹಳೇ ಸೀರೆಯ ತುಂಡಿನಲ್ಲಿ ಬಾಯಿ ಕಟ್ಟಿದ್ದ ಅವರದೇ ಕುಕ್ಕೆ! ಇಲ್ಲಿ ಹೂವು ಏರುವುದರಿಂದ ಹೂವಿನ ಬಸ್ಸು, ಅಲ್ಲಿ ಡೈರಿ ಮುಂದೆ ನಿಲ್ಲುವುದರಿಂದ ಡೈರಿ ಬಸ್ಸು. ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. "ಎರಡೂ ಒಂದೇ ಬಸ್ಸು ಅಂತ ಸೈಟು ನಡೆಸೋ ನಂಗೇ ಗೊತ್ತಿರ್ಲಿಲ್ಲ ಕಣವ್ವ" ಎಂದು ರಘುನಂದನ್ ಎರಡು ಹೆಸರನ್ನೂ ಒಂದೇ ಸಾಲಿಗೆ ಹಾಕಿದ್ದಾರೆ. ಕಾಲೇಜಿನವರು ಸ್ನೇಹಳಿಗೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ.

ಆ ಪರೀಕ್ಷೆ ಇವತ್ತೇ. ಸ್ನೇಹ ಹತ್ತಿದ ಬಸ್ಸು ಕಣ್ಮರೆಯಾಗುವ ತನಕ ಯಶೋದಮ್ಮ ಕೂರುವುದಿಲ್ಲ. "ಬಸ್ಸಂತೂ ಹತ್ತುಸ್‌ಬುಟ್ಟೆ. ಮೊದ್ಲು ಆ ಮಗು ಪಾಸಾಗ್ಲಿ. ಆ ವೆಬ್‌ಸೈಟು ಯಾರ್ದು ಅಂತ ಆಮ್ಯಾಕೆ ನಿಧಾನಕ್ಕೆ ತಿಳ್ಕೊತೀನಿ."