ಬೆಳಕಿರುವಾಗ ಮಾಳ ತಲುಪುವುದು

ಲಿಗೋರಿ ಬರ್ಬೋಜಾ ಕಳೆದ ಆಗಸ್ಟಿನಲ್ಲಿ ತೀರಿಕೊಂಡ. ಕಲ್ಯಾಣಪುರದ ಇಗರ್ಜಿಯ ಹಿಂದೆ ಅವನನ್ನು ಮಣ್ಣು ಮಾಡಿ ಬಂದ ದಿನ ಅವನ ಹೆಂಡತಿ ಇಮೆಲ್ಡಾ ನನ್ನನ್ನು ಒಳಗೆ ಕರೆದು ಒಂದು ಪುಸ್ತಕ ಕೊಟ್ಟರು. ಪ್ರೂಫ್ ತೆಗೆದು ಬಿಸಾಡಿದ ಕಾಗದಗಳ ಖಾಲಿ ಬದಿಯನ್ನು ಮೇಲೆ ಮಾಡಿ ಅವನೇ ಹೊಲಿದುಕೊಂಡದ್ದು. "ಇದು ಇಲ್ಲಿದ್ದರೆ ನಾನು ಓದುತ್ತಲೇ ಕೂರುತ್ತೇನೆ, ನೀವು ತೆಗೆದುಕೊಂಡು ಹೋಗಿ," ಎಂದರು.

ಅದರಲ್ಲಿ ಇದ್ದದ್ದು ಊಟದ ಹೊತ್ತುಗಳು. ಕಾಪುವಿನ ಕಡಲಿನಿಂದ ಘಟ್ಟದ ಮೇಲಿನ ಕಳಸದವರೆಗೆ ದಾರಿಯಲ್ಲಿ ಸಿಗುವ ಮನೆಗಳ ಹೆಸರು, ಹೆಸರಿನ ಮುಂದೆ ಆ ಮನೆಯವರು ಯಾವಾಗ ಉಣ್ಣುತ್ತಾರೆ ಎಂಬುದು. ಎರ್ಮಾಳಿನ ನಮ್ಮ ಮನೆಯ ಬಗ್ಗೆ ಹೀಗೆ ಬರೆದಿದ್ದ: 'ದೋಣಿ ಬಂದ ಮೇಲೆ. ದೋಣಿ ಬಾರದಿದ್ದರೆ ಯಾರೂ ಉಣ್ಣುವುದಿಲ್ಲ, ಕೇಳಲೂ ಬಾರದು.'

ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಅವನು ಅಚ್ಚುಮೊಳೆ ಜೋಡಿಸುತ್ತಿದ್ದ, ನಾನು ಕರಡು ತಿದ್ದುತ್ತಿದ್ದೆ. ಇಡೀ ದಿನ ಮೊಳೆಯ ಪೆಟ್ಟಿಗೆಯ ಎದುರು ಒಂದೇ ಜಾಗದಲ್ಲಿ ನಿಂತಿರುವ ಕೆಲಸ ಅದು. ವರ್ಷಕ್ಕೆ ಸಿಗುವ ರಜೆಯನ್ನು ಬೇರೆಯವರು ಮದುವೆಗೆ, ಮುಂಜಿಗೆ, ಮನೆಯ ಮಾಡು ರಿಪೇರಿಗೆ ಇಟ್ಟುಕೊಳ್ಳುತ್ತಿದ್ದರು. ಲಿಗೋರಿ ಡಿಸೆಂಬರಿನ ಮೊದಲ ವಾರ ತೆಗೆದುಕೊಂಡು ನಡೆಯುತ್ತಿದ್ದ. ಮಳೆ ಮುಗಿದಿರುತ್ತದೆ, ತೊರೆಗಳಲ್ಲಿ ನೀರು ಇನ್ನೂ ಇರುತ್ತದೆ, ಕ್ರಿಸ್ಮಸ್ಸಿನ ಗೋದಲಿ ಕಟ್ಟುವ ಹೊತ್ತಿಗೆ ವಾಪಸು ಬರಬಹುದು. ೧೯೭೯ರಲ್ಲಿ ಮೊದಲ ಸಲ ನನ್ನನ್ನೂ ಎಳೆದುಕೊಂಡು ಹೊರಟ. ಯಾಕೆ ನಡೆಯಬೇಕು, ಬಸ್ಸು ಉಂಟಲ್ಲ ಎಂದು ಕೇಳಿದೆ. ಬಸ್ಸಿನಲ್ಲಿ ಹೋದರೆ ಘಟ್ಟ ಮಾತ್ರ ಕಾಣುತ್ತದೆ, ಘಟ್ಟದ ಜನ ಬೆಳಿಗ್ಗೆ ಎಂತ ತಿನ್ನುತ್ತಾರೆ ಎಂದು ಗೊತ್ತಾಗುವುದಿಲ್ಲ ಎಂದ.

ಮೊದಲ ದಿನ ಕಾಪುವಿನಿಂದ ಬೆಳ್ಮಣ್. ಅಲ್ಲಿ ಅವನ ದೂರದ ಸಂಬಂಧಿ ಬರ್ತಾ ಬಾಯಿಯ ಮನೆ. ಸಂಜೆಯ ಜಪಮಾಲೆ ಪ್ರಾರ್ಥನೆ ಮುಗಿಯುವ ತನಕ ಅಲ್ಲಿ ಅನ್ನದ ಪಾತ್ರೆಯ ಮುಚ್ಚಳ ತೆಗೆಯುವುದಿಲ್ಲ. ಮೀನು ಹಿಡಿಯುವ ಮೊಗವೀರರ ಮನೆಯವನಾದ ನಾನೂ ಗೋಡೆಗೆ ಒರಗಿ ಕೂತು ಪ್ರಾರ್ಥನೆ ಮುಗಿಯುವುದನ್ನು ಕಾದೆ. ಎರಡನೆಯ ದಿನ ಬೆಳ್ಮಣ್‌ನಿಂದ ಕಾರ್ಕಳ ದಾಟಿ ಘಟ್ಟದ ಬುಡದ ಮಾಳ. ಹತ್ತಿರ ಹತ್ತಿರ ಇಪ್ಪತ್ತು ಮೈಲಿ. ನಡೆಯುವವರಿಗೆ ದೊಡ್ಡ ಸಂಗತಿಯಲ್ಲ. ಆದರೆ ಲಿಗೋರಿ ನಡೆಯುವವನಲ್ಲ, ನಿಲ್ಲುವವನು.

ನಿಟ್ಟೆಯ ಹತ್ತಿರ ಕಳ್ಳು ತೆಗೆಯುವವನೊಬ್ಬ ತಾಳೆಮರ ಇಳಿಯುವುದು ಕಂಡಿತು, ನಿಂತ. ದಿನಕ್ಕೆ ಎಷ್ಟು ಸಲ ಹತ್ತುತ್ತೀರಿ, ಹೊಟ್ಟೆ ತುಂಬ ಉಂಡು ಹತ್ತಲಾಗುತ್ತದಾ, ಹಾಗಾದರೆ ಯಾವಾಗ ಉಣ್ಣುತ್ತೀರಿ ಎಂದು ಕೇಳಲು ಶುರುಮಾಡಿದ. ಕಾರ್ಕಳದಲ್ಲಿ ಲಿಂಗಪ್ಪ ಎಂಬ ಶಿಲ್ಪಿಯ ಕೊಟ್ಟಿಗೆಯಲ್ಲಿ ಒಂದು ಗಂಟೆ ಹೋಯಿತು. ಮೂರ್ತಿಗೆ ಕಣ್ಣು ಬಿಡಿಸುವ ದಿನ ಲಿಂಗಪ್ಪ ಉಪವಾಸ ಇರುತ್ತಾರಂತೆ, ಕೈ ನಡುಗುವುದಿಲ್ಲವೇ ಎಂದು ಇವನ ಪ್ರಶ್ನೆ. ಮೊದಲು ನಡುಗುತ್ತಿತ್ತು, ಈಗ ಉಂಡರೆ ನಡುಗುತ್ತದೆ ಎಂದರು ಅವರು. ಇವನು ಅದನ್ನು ಬರೆದುಕೊಂಡ. ನಾನು ಬಿಸಿಲು ನೋಡುತ್ತ ನಿಂತಿದ್ದೆ.

ಮಾಳದ ಮನೆ ತಲುಪುವಾಗ ಕತ್ತಲಾಗಿತ್ತು. ಅದು ಜೈನರ ಮನೆ. ಮನೆಯ ಯಜಮಾನಿ ಗುಣವತಿಯಮ್ಮ, ಆಗ ಐವತ್ತರ ಹತ್ತಿರದವರು. ಮುದ್ರಣಾಲಯದ ಒಬ್ಬ ಗುಮಾಸ್ತರು ಪರಿಚಯದ ಚೀಟಿ ಬರೆದುಕೊಟ್ಟಿದ್ದರು. ಆಕೆ ಚೀಟಿ ಓದುವ ಮೊದಲೇ ಕಾಲಿಗೆ ನೀರು ಕೊಟ್ಟರು, ಚೀಟಿ ಓದಿದ ಮೇಲೆ ಮೂಗು ಮುಚ್ಚಿಕೊಂಡರು. ತಪ್ಪು ನನ್ನದು. ಘಟ್ಟದ ಮೇಲಿನವರಿಗೆ ಕೊಡಲೆಂದು ಅಮ್ಮ ಕಟ್ಟಿಕೊಟ್ಟಿದ್ದ ಒಣಮೀನಿನ ಚೀಲವನ್ನು ನಾನು ನೇರ ಅವರ ಜಗಲಿಯ ಮೇಲೆ ಇಟ್ಟಿದ್ದೆ. ಗುಣವತಿಯಮ್ಮ ಸಿಟ್ಟಾಗಲಿಲ್ಲ. "ಅದನ್ನು ಆಚೆ ಹಲಸಿನ ಮರಕ್ಕೆ ಕಟ್ಟಿ. ನಮ್ಮ ಬೆಕ್ಕು ಇಷ್ಟು ವರ್ಷ ವ್ರತದಲ್ಲಿ ಉಂಟು, ಈಗ ಕೆಡುವುದು ಬೇಡ," ಎಂದರು.

ಆಮೇಲೆ ಅವರ ಮುಖ ಸಣ್ಣದಾಯಿತು. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ನೀರೂ ಕುಡಿಯುವುದಿಲ್ಲ, ಒಲೆ ಹೊತ್ತಿಸುವುದಿಲ್ಲ. ಬೆಂಕಿಗೆ, ದೀಪಕ್ಕೆ ಹುಳ ಬಂದು ಬೀಳುತ್ತವೆ, ಅನ್ನದಲ್ಲೂ ಬೀಳುತ್ತವೆ. ಮನೆಯವರು ಐದೂವರೆಗೆ ಉಂಡು ಪಾತ್ರೆ ತೊಳೆದಾಗಿತ್ತು. ನಿಮಗೆ ಈ ನಿಯಮ ಇಲ್ಲವಲ್ಲ ಎಂದು ಆಕೆ ಬಾಳೆಹಣ್ಣಿನ ಚಿಪ್ಪು, ಹಾಲು ತಂದಿಟ್ಟರು. ನಾನು ಕೈ ಚಾಚಿದ್ದೆ. ಲಿಗೋರಿ ಹೇಳಿದ: "ಬೇಡ ಅಮ್ಮ. ಈ ಮನೆಯಲ್ಲಿ ಇರುವಷ್ಟು ಹೊತ್ತು ಈ ಮನೆಯ ಹೊತ್ತೇ ನಮ್ಮದು."

ನನ್ನ ಕೈ ಹಾಗೇ ವಾಪಸು ಬಂತು. ಮರುದಿನ ಘಟ್ಟ ಹತ್ತುವಾಗ ಉದ್ದಕ್ಕೂ ಅವನು ಆ ಕೈಯ ಬಗ್ಗೆಯೇ ತಮಾಷೆ ಮಾಡಿದ.

ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ದೋಸೆ ಸಿಕ್ಕಿತು. ಆದರೆ ಬೆಳಗಿನ ದೋಸೆ ರಾತ್ರಿಯ ಊಟ ಆಗುವುದಿಲ್ಲ ಎಂದು ಗುಣವತಿಯಮ್ಮನ ವಾದ. "ಪೊರ್ಬುಲೇ," ಎಂದರು. ನಮ್ಮ ಕಡೆ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. "ನಮ್ಮ ಜಗಲಿಯಲ್ಲಿ ಹಸಿದು ಮಲಗಿದವರು ನೀವೇ ಮೊದಲು. ನನ್ನ ಅತ್ತೆ ಇದ್ದಿದ್ದರೆ ನನ್ನನ್ನು ಬಿಡುತ್ತಿರಲಿಲ್ಲ. ಬರುವ ವರ್ಷ ಬೆಳಕಿರುವಾಗ ಬನ್ನಿ, ಒಂದು ಸಲ ಎಲೆ ಹಾಕಿ ಬಡಿಸಬೇಕು." ಲಿಗೋರಿ ಮಾತು ಕೊಟ್ಟ.

ಮುಂದಿನ ವರ್ಷ ನಾವು ತಲುಪಿದ್ದು ಏಳು ಗಂಟೆಗೆ. ಅದರ ಮುಂದಿನ ವರ್ಷ ಆರೂಕಾಲು. ಅವರು ಎಲೆಗಳನ್ನು ತೊಳೆದು ಜಗಲಿಯ ಮೂಲೆಯಲ್ಲಿ ಒರಗಿಸಿಟ್ಟಿದ್ದರು. ನಮ್ಮನ್ನು ಕಂಡು ಎಲೆಗಳನ್ನು ತೆಗೆದು ದನಕ್ಕೆ ಹಾಕಿದರು. ಪ್ರತಿ ವರ್ಷವೂ ಲಿಗೋರಿ ಬಾಳೆಹಣ್ಣು ಮುಟ್ಟಲಿಲ್ಲ, ಪ್ರತಿ ವರ್ಷವೂ ಮಾತು ಕೊಟ್ಟ. ಒಂದು ವರ್ಷ ನಾನು ನಸುಕಿನ ಮೂರು ಗಂಟೆಗೇ ಎಬ್ಬಿಸಿ ಹೊರಡಿಸಿದೆ. ಬಜಗೋಳಿಯಲ್ಲಿ ಒಬ್ಬ ಬುಟ್ಟಿ ಹೆಣೆಯುತ್ತಿದ್ದ. ಅಲ್ಲಿಗೆ ಮುಗಿಯಿತು.

ಮೇಲೆ ಹತ್ತಿದ ಮೇಲೆ ಅವನಿಗೆ ಇನ್ನೂ ಹುರುಪು. ಕಾಡಿನ ನಡುವೆ ಮಲೆಕುಡಿಯರ ಒಂದು ಮನೆಯಲ್ಲಿ ಮೂರನೆಯ ರಾತ್ರಿ ಕಳೆಯುತ್ತಿದ್ದೆವು. ಕಾಡಿಗೆ ಹೋದವರು ಎಲ್ಲರೂ ತಿರುಗಿ ಬಂದ ಮೇಲೆಯೇ ಅಲ್ಲಿ ಊಟ, ಕೊನೆಯವನು ಬಂದ ಹೊತ್ತೇ ಹೊತ್ತು. ಒಣಮೀನು ಮುಗಿಯುತ್ತಿದ್ದದ್ದು ಅಲ್ಲಿ. ಸಂಸೆಯ ಕಡೆ ಇಳಿದರೆ ತುಳು ಹಿಂದೆ ಬಿದ್ದು ಕನ್ನಡ ಶುರುವಾಗುತ್ತಿತ್ತು, ಬೆಳಿಗ್ಗೆ ಗಂಜಿಯ ಬದಲು ಅಕ್ಕಿರೊಟ್ಟಿ. ಯಾವ ಮನೆಯಿಂದ ಗಂಜಿ ನಿಂತು ರೊಟ್ಟಿ ಶುರುವಾಗುತ್ತದೆ ಎಂದು ಕಂಡುಹಿಡಿಯಲು ಅವನಿಗೆ ನಾಲ್ಕು ವರ್ಷ ಬೇಕಾಯಿತು. ಒಂದೇ ಅಂಗಳದ ಎರಡು ಮನೆಗಳು, ಒಂದರಲ್ಲಿ ಗಂಜಿ, ಒಂದರಲ್ಲಿ ರೊಟ್ಟಿ. ರೊಟ್ಟಿಯ ಮನೆಯ ಸೊಸೆ ಮೇಲಿನ ಊರಿನವಳು, ಅಷ್ಟೇ ಕಾರಣ. ಇದನ್ನು ಕಂಡುಹಿಡಿದ ದಿನ ಅವನು ಶಿಖರ ಹತ್ತಿದವರ ಹಾಗೆ ನಕ್ಕ.

೧೯೮೫ರ ಮಳೆಗಾಲದಲ್ಲಿ ಕೆಲಸದ ನಡುವೆ ಎದೆನೋವು ಬಂತು. ಘಟ್ಟ ಹತ್ತುವ ಮಾತೇ ಇಲ್ಲ, ಮನೆಯ ಮೆಟ್ಟಿಲನ್ನೂ ನಿಂತು ನಿಂತು ಹತ್ತಬೇಕು ಎಂದರು ಡಾಕ್ಟರು. "ನಿಲ್ಲುವುದು ನನಗೆ ಅಭ್ಯಾಸ ಉಂಟು," ಎಂದನಂತೆ. ಆ ಡಿಸೆಂಬರು ನಾವು ಎಲ್ಲಿಗೂ ಹೋಗಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅವನು ಆ ಪುಸ್ತಕ ತೆರೆದು, ಈಗ ನಿಟ್ಟೆಯವನು ಮರ ಇಳಿದಿರುತ್ತಾನೆ, ಈಗ ಮಾಳದಲ್ಲಿ ಒಲೆ ಹೊತ್ತಿಸಿರುತ್ತಾರೆ ಎನ್ನುತ್ತಿದ್ದ. ಆರು ವರ್ಷ ಮಾತು ಕೊಟ್ಟು ತಪ್ಪಿದ್ದೇನೆ, ಇನ್ನು ಆ ಮನೆಯಲ್ಲಿ ಉಣ್ಣುವುದು ಆಗುವುದಿಲ್ಲವಾ ಎಂದು ಒಂದು ದಿನ ಕೇಳಿದ. ಅವನು ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಮಾತ್ರ ಕೇಳುವವನು, ಇದೂ ಅವನಿಗೆ ನಿಜವಾಗಿ ಗೊತ್ತಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಮರುವರ್ಷ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಮನೆಗೆ ಬಂದ. "ಹೊರಡು ಮಾರಾಯ, ಮಾಳಕ್ಕೆ. ಬಸ್ಸಿನಲ್ಲಿ."

ಬಸ್ಸಿನಲ್ಲಿಯಾ ಎಂದು ಕೇಳಿದೆ.

"ನಡೆದರೆ ನಾನು ಗುಣವತಿಯಮ್ಮನ ಊಟಕ್ಕೆ ಈ ಜನ್ಮದಲ್ಲಿ ತಲುಪುವುದಿಲ್ಲ. ಬಸ್ಸಿನಲ್ಲಿ ನನ್ನನ್ನು ನಿಲ್ಲಿಸುವವರು ಯಾರೂ ಇಲ್ಲ."

ಕಿಟಕಿಯ ಬದಿಯಲ್ಲಿ ಕೂತು ಅವನು ಹೊರಗೆ ನೋಡಲೇ ಇಲ್ಲ. ಬಜಗೋಳಿಯಲ್ಲಿ ಬಸ್ಸು ನಿಂತಾಗ ಕಣ್ಣು ಮುಚ್ಚಿಕೊಂಡ. ಮಾಳದಲ್ಲಿ ಇಳಿದಾಗ ಮೂರೂವರೆ. ಗುಣವತಿಯಮ್ಮ ಅಂಗಳದಲ್ಲಿ ಹೆಸರುಕಾಳು ಒಣಗಿಸುತ್ತಿದ್ದರು. ನಮ್ಮನ್ನು ನೋಡಿ, ಆಕಾಶ ನೋಡಿ, ಮತ್ತೆ ನಮ್ಮನ್ನು ನೋಡಿದರು. "ಇವತ್ತು ಸೂರ್ಯನಿಗೆ ಏನಾಗಿದೆ ಪೊರ್ಬುಲೇ?" ಎಂದವರೇ ಒಳಗೆ ಓಡಿದರು.

ಐದು ಗಂಟೆಗೆ ಎಲೆ ಹಾಕಿದರು. ಕುಚ್ಚಲಕ್ಕಿ ಅನ್ನ, ಹೆಸರುಕಾಳಿನ ಗಸಿ, ಬಾಳೆಕಾಯಿ ಪಲ್ಯ, ಸೌತೆಕಾಯಿ ಹುಳಿ, ಹಲಸಿನ ಹಪ್ಪಳ. ಲಿಗೋರಿ ಎರಡು ತುತ್ತು ತಿಂದು ನೀರಿನ ಕೊಡದ ಬಾಯಿಗೆ ಕಟ್ಟಿದ ಬಟ್ಟೆಯನ್ನು ನೋಡಿದ. ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಎಂತ ಮಾಡುತ್ತೀರಿ ಎಂದು ಕೇಳಿದ. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಬಟ್ಟೆಯನ್ನು ಮಗುಚಿ ನೀರೆರೆದು ಅವನ್ನು ಮತ್ತೆ ಬಾವಿಗೆ ಬಿಡುತ್ತೇವೆ ಎಂದರು ಆಕೆ. ಯಾವ ಬಾವಿಯಾದರೂ ಆದೀತಾ? ಇಲ್ಲ, ಎಲ್ಲಿಂದ ಬಂದವೋ ಅದೇ ಬಾವಿಗೆ. ಅವನ ಕೈ ತುತ್ತಿನ ಸಮೇತ ನಿಂತುಬಿಟ್ಟಿತು. ಏಳು ವರ್ಷ ಈ ಮನೆಯ ನೀರು ಕುಡಿದು ಇದನ್ನು ಕೇಳಲಿಲ್ಲವಲ್ಲ, ಈಗಲೇ ನೋಡಬೇಕು ಎಂದು ಏಳಲು ಹೊರಟ.

"ಎಲೆಯಿಂದ ಏಳಬೇಡಿ," ಎಂದರು ಗುಣವತಿಯಮ್ಮ. ಅವರ ಸ್ವರ ಗಟ್ಟಿಯಾಗಿತ್ತು. "ಬಾವಿ ನಾಳೆಯೂ ಇರುತ್ತದೆ. ಉಣ್ಣಿ. ಹೊತ್ತು ಹೋಗುತ್ತಾ ಉಂಟು."

ಅವನು ಕೂತ. ಉಂಡ. ಬಾಯಿಗೆ ಬಂದ ಪ್ರಶ್ನೆಗಳನ್ನು ಅನ್ನದ ಜೊತೆ ನುಂಗುವುದು ನನಗೆ ಕಾಣುತ್ತಿತ್ತು. ಕೊನೆಯ ಮಜ್ಜಿಗೆ ಅನ್ನ ಮುಗಿಸಿ ಕೈ ತೊಳೆಯಲು ಹೊರಗೆ ಬಂದಾಗ ಹಲಸಿನ ಮರದ ತುದಿಯಲ್ಲಿ ಇನ್ನೂ ಒಂದಿಷ್ಟು ಬಿಸಿಲಿತ್ತು. ಗುಣವತಿಯಮ್ಮ ಆ ಬಿಸಿಲನ್ನು ನೋಡಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಪಾತ್ರೆ ತೊಳೆಯಲು ಹೋದರು. ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅವನಿಗೆ ಎಲ್ಲವನ್ನೂ ತೋರಿಸಿದರು.

ಎಂಟು ತಿಂಗಳಿಗೆ ಅವನು ಹೋದ.

ಈ ಡಿಸೆಂಬರಿನಲ್ಲಿ ಗುಣವತಿಯಮ್ಮನಿಗೆ ಹೇಳಿ ಬರಬೇಕೆಂದು ನಾನೊಬ್ಬನೇ ಹೊರಟೆ. ಕಾಗದ ಬರೆಯಬಹುದಿತ್ತು, ಬರೆಯಲಾಗಿರಲಿಲ್ಲ. ನಡೆದೇ ಹೋದೆ. ಒಬ್ಬನೇ ಆದ್ದರಿಂದ ನಾಲ್ಕು ಗಂಟೆಗೆಲ್ಲ ಮಾಳ ತಲುಪುತ್ತೇನೆ, ಬೆಳಕಿನಲ್ಲಿ ಕೂತು ಹೇಳುತ್ತೇನೆ ಎಂದುಕೊಂಡಿದ್ದೆ. ಬೆಳ್ಮಣ್‌ನಲ್ಲಿ ಬರ್ತಾ ಬಾಯಿ ಬೆಳಿಗ್ಗೆ ಹೊರಡುವಾಗ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ನಿಟ್ಟೆಯಲ್ಲಿ ಮರದ ಮೇಲಿದ್ದವನು ಅಲ್ಲಿಂದಲೇ, ಎಲ್ಲಿ ನಿಮ್ಮ ಜೊತೆಯವರು ಎಂದು ಕೇಳಿದ. ಅಂಥದ್ದನ್ನು ಕೆಳಗಿನಿಂದ ಕೂಗಿ ಹೇಳಲಾಗುವುದಿಲ್ಲ. ಅವನು ಇಳಿಯುವ ತನಕ ಕಾದೆ. ಕಾರ್ಕಳದಲ್ಲಿ ಲಿಂಗಪ್ಪ ಉಳಿ ಕೆಳಗಿಟ್ಟು, ಮೊದಲಿನಿಂದ ಹೇಳಿ ಎಂದರು. ಬಜಗೋಳಿಯ ಬುಟ್ಟಿಯವನು ಕೂರಲು ಜಾಗ ಮಾಡಿಕೊಟ್ಟ. ಕೈಯಲ್ಲಿದ್ದ ಬುಟ್ಟಿಯನ್ನು ಅವನು ಮುಗಿಸುವ ತನಕ ಕೂತು ಎದ್ದೆ. ಇಷ್ಟು ವರ್ಷ ನಾನು ಅವಸರ ಮಾಡಿ ಎಬ್ಬಿಸುತ್ತಿದ್ದ ಜಾಗಗಳು ಅವೇ.

ಮಾಳದ ಅಂಗಳಕ್ಕೆ ಕಾಲಿಡುವಾಗ ಕತ್ತಲಾಗಿತ್ತು. ಗುಣವತಿಯಮ್ಮ ಜಗಲಿಯಲ್ಲಿದ್ದರು. ನನ್ನ ಹಿಂದೆ ಯಾರಾದರೂ ಬರುತ್ತಾರೆಯೇ ಎಂದು ನೋಡಿದರು. ಯಾರೂ ಬರಲಿಲ್ಲ.

"ನೀವೊಬ್ಬರೇ ಬಂದದ್ದಾದರೆ ತಡವಾಗಬಾರದಿತ್ತು," ಎಂದರು ಮೆಲ್ಲಗೆ. "ದಾರಿಯಲ್ಲಿ ಎಲ್ಲರೂ ಅವರ ಬಗ್ಗೆ ಕೇಳಿರಬೇಕು, ಅಲ್ವಾ."

ನಾನು ಹೇಳಬೇಕಾದದ್ದನ್ನು ಹೇಳಿದೆ. ಅವರು ಎದ್ದು ಕಾಲಿಗೆ ನೀರು ತಂದರು. ಬಾಳೆಹಣ್ಣು ತರಲಿಲ್ಲ. "ನಮ್ಮ ಈ ಮನೆಯ ಬಗ್ಗೆ ಅವರು ಆ ಪುಸ್ತಕದಲ್ಲಿ ಏನಾದರೂ ಬರೆದಿದ್ದರೇ?" ಎಂದು ಕೇಳಿದರು. ಪುಸ್ತಕ ಚೀಲದಲ್ಲಿತ್ತು. ಲಾಟೀನಿನ ಹತ್ತಿರ ಹಿಡಿದು ಓದಿದೆ:

'ಮಾಳ, ಗುಣವತಿಯಮ್ಮ. ಸೂರ್ಯ ಮುಳುಗುವ ಮೊದಲು. ಬಸ್ಸಿನಲ್ಲಿ ಹೋಗತಕ್ಕದ್ದು. ಬಾವಿಯ ವಿಷಯ ಊಟ ಮುಗಿದ ಮೇಲೆಯೇ ಕೇಳುವುದು.'

ಗುಣವತಿಯಮ್ಮ ನಕ್ಕುಬಿಟ್ಟರು. ಆಮೇಲೆ ಇನ್ನೊಮ್ಮೆ ಓದಿ ಎಂದರು. ನಾನು ಇನ್ನೊಮ್ಮೆ ಓದಿ, ನೀರು ಕುಡಿಯದೆ, ಅವನು ಯಾವಾಗಲೂ ಮಲಗುತ್ತಿದ್ದ ಮೂಲೆಯಲ್ಲಿ ಚಾಪೆ ಹಾಸಿಕೊಂಡೆ.