ಇಟ್ಟಿಗೆ ಹಿಡಿಯುವ ಕೈ

ಜಟ್ಟೆಮ್ಮನ ಬೆರಳು ಮುರಿದಿದ್ದರೆ? ಭಾನುವಾರದಿಂದ ಸಂಹಿತಾಳಿಗೆ ಇದೊಂದೇ ಚಿಂತೆ.

ಕಿವಿ ಕೇಳದ ಮಕ್ಕಳ ಶಾಲೆಗೆ ಹಣ ಕೂಡಿಸಲು ರಾಮಮೂರ್ತಿ ನಗರದ ಮೈದಾನದಲ್ಲಿ ಚೆಂಡಾಟ ನಡೆದಿತ್ತು. ಚೀಟಿ ಎತ್ತಿ ಜೋಡಿ ಮಾಡುವುದು. ರಬ್ಬರ್ ಚೆಂಡನ್ನು ಬೀಳಿಸದೆ ಎಷ್ಟು ಸಲ ಹಿಡಿದರೆ ಅಷ್ಟು ದೇಣಿಗೆ. ಸಂಹಿತಾಳಿಗೆ ಜೊತೆಯಾದವಳು ಜಟ್ಟೆಮ್ಮ. ಯಾದಗಿರಿ ಕಡೆಯವಳು, ಮಗಳು ಅದೇ ಶಾಲೆಯಲ್ಲಿದ್ದಾಳೆ. ಒಂಬತ್ತು ವರ್ಷದಿಂದ ಇಲ್ಲಿ ಕಟ್ಟಡದ ಕೆಲಸ. ಕೆಳಗಿನಿಂದ ಎಸೆದ ಇಟ್ಟಿಗೆಯನ್ನು ಮೇಲೆ ನಿಂತು ಹಿಡಿಯುತ್ತಾಳೆ.

"ಹೆದರಬ್ಯಾಡ್ರಿ ಅಕ್ಕೋರೆ, ಇದೇನ್ ಇಟ್ಟಂಗಿ ಅಲ್ಲ," ಎಂದು ನಕ್ಕು, ಚೆಂಡು ಬಂದಂತೆ ಕೈ ಹಿಂದಕ್ಕೆಳೆಯುವುದನ್ನು ಕಲಿಸಿದಳು. ಇನ್ನೂರು ದಾಟುವಷ್ಟರಲ್ಲಿ ಇಬ್ಬರೂ ಮಕ್ಕಳ ಜ್ವರ, ಹಟ, ಅತ್ತೆಯಂದಿರ ಗೊಣಗಾಟ ಎಲ್ಲ ಮಾತಾಡಿದ್ದರು. ಅಷ್ಟರಲ್ಲಿ ಸಂಹಿತಾ, ಜೊತೆಗೆ ಕರೆತಂದಿದ್ದ ತನ್ನ ಪುಟ್ಟ ಮಗಳು ಗೇಟಿನತ್ತ ಓಡಿದ್ದು ಕಂಡು ಗಾಬರಿಯಲ್ಲಿ ಜೋರಾಗಿ ಎಸೆದಳು. ಚೆಂಡು ಬೆರಳಿಗೆ ಬಡಿದರೂ ಜಟ್ಟೆಮ್ಮ ಬಿಡಲಿಲ್ಲ. ಮನೆಗೆ ಹೊರಡುವಾಗ ಬೆರಳು ಊದಿತ್ತು.

ಕೈ ನಡೆಯದಿದ್ದರೆ ಅವಳಿಗೆ ಕೂಲಿಯಿಲ್ಲ. ಮುರಿದಿದೆ ಅಂದುಬಿಟ್ಟರೆ ಎಂದು ಮೂರು ದಿನ ಅಳುಕಿದ ಸಂಹಿತಾ, ಬುಧವಾರ ಕೊನೆಗೂ ಫೋನ್ ಮಾಡಿದಳು.

"ಬೆರಳು ಹೇಗಿದೆ ಜಟ್ಟೆಮ್ಮಾ?"

"ಮುರದಿಲ್ರಿ, ಇವತ್ತ ಕೆಲಸಕ್ಕ ಬಂದೀನಿ. ಅಂದ್ಹಂಗ, ನೀವ್ ಫೋನೇ ಮಾಡ್ಲಿಲ್ಲಲ್ಲ, ನಿಮಗೇ ಏನಾತೋ ಅಂತ ನಾ ಚಿಂತಿ ಮಾಡಾಕತ್ತಿದ್ದೆ!"