ಮೊದಲು ಒಳಗೆ ಹೋಗುವ ಕೂದಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಖಾನೆಯ ಹೊಗೆ ಕೊಳವೆಯ ಬುಡದಲ್ಲಿರುವ ಕಬ್ಬಿಣದ ಕೋಣೆಯ ಬಾಗಿಲನ್ನು ಬೂದಕ್ಕ ಒಂದು ಗೇಣು ತೆರೆಯುತ್ತಾರೆ. ಒಳಗೆ ಕಗ್ಗತ್ತಲು. ಅವರ ಕೈಯಲ್ಲಿ ಉದ್ದನೆಯ ಒಣ ಬಿದಿರು ಕೋಲು, ಅದರ ತುದಿಗೆ ಕಟ್ಟಿದ ಒಂದೆಳೆ ನರೆಗೂದಲು. ಕೋಲನ್ನು ಕತ್ತಲೊಳಗೆ ಚಾಚಿ, ಟಾರ್ಚಿನ ಬೆಳಕು ಬಿಟ್ಟು, ಉಸಿರು ಬಿಗಿಹಿಡಿದು ನೋಡುತ್ತಾರೆ. ಕೂದಲು ನೆಟ್ಟಗೆ ಇಳಿಬಿದ್ದಿದ್ದರೆ ಒಳಗೆ ಹೋಗಬಹುದು. ಗಾಳಿಯೇ ಆಡದ ಆ ಕೋಣೆಯಲ್ಲಿ ಅದು ತಾನಾಗಿ ಎದ್ದು ಒಂದು ಕಡೆಗೆ ಬೆರಳು ಮಾಡಿದರೆ, ಅಲ್ಲಿ ಸಾವು ಕಾದು ಕೂತಿದೆ ಎಂದೇ ಅರ್ಥ.

"ಮಲಗಿದೆ," ಎನ್ನುತ್ತಾರೆ ಬೂದಕ್ಕ. ಹಿಂದೆ ನಿಂತ ತಂಗಿ ಆಮೇಲೆ ಕರಣೆ ಎತ್ತಿಕೊಳ್ಳುತ್ತಾಳೆ.

ಅಕ್ಕನಿಗೆ ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿದೆ. ಇಪ್ಪತ್ತೊಂಬತ್ತು ವರ್ಷ ಬೂದಿ ಕೆರೆದವರನ್ನು ಇನ್ನೇನೆಂದು ಕರೆದಾರು? ಕೋಣೆಯೊಳಗೆ ಎರಡಾಳೆತ್ತರದ ಮೂವತ್ತಾರು ತಗಡುಗಳು, ನಡುನಡುವೆ ಇಳಿಬಿಟ್ಟ ತೆಳು ತಂತಿಗಳು. ತಂತಿಗೆ ಐವತ್ತು ಸಾವಿರ ವೋಲ್ಟ್ ಕೊಟ್ಟರೆ ಅದಕ್ಕೂ ತಗಡಿಗೂ ನಡುವೆ ಕಣ್ಣಿಗೆ ಕಾಣದ ಗೆರೆಗಳು ಹಬ್ಬುತ್ತವೆ. ಓದಿದವರು ಅವನ್ನು ವಿದ್ಯುತ್ ಕ್ಷೇತ್ರದ ರೇಖೆಗಳು ಎನ್ನುತ್ತಾರೆ. ಹೊಗೆಯಲ್ಲಿ ಬರುವ ಬೂದಿಯ ಕಣಗಳು ತಂತಿಯ ಹತ್ತಿರ ವಿದ್ಯುತ್ತನ್ನು ಮೆತ್ತಿಕೊಂಡು, ಆ ಗೆರೆಗಳ ಸೆಳೆತಕ್ಕೆ ಸಿಕ್ಕು ತಗಡಿಗೆ ಹೋಗಿ ಅಂಟುತ್ತವೆ. ಅಂಟಿ ಗಟ್ಟಿಯಾದದ್ದನ್ನು ಕೆರೆದು ಬೀಳಿಸುವುದು ಅಕ್ಕತಂಗಿಯರ ಕೆಲಸ. ದಿನಕ್ಕೆ ಎರಡು ಕೋಣೆ, ಎಪ್ಪತ್ತೆರಡು ತಗಡು. ಊರಿನವರು ಒಣಹಾಕಿದ ಬಟ್ಟೆ ಬೆಳ್ಳಗಿರುವುದು ಇವರ ಪುಣ್ಯ, ಊರಿಗೆ ಅದು ಗೊತ್ತಿಲ್ಲ ಅಷ್ಟೇ.

"ದಾರಿ ಕಾಣಲ್ಲ, ಆದ್ರೆ ಇದೆ," ಎನ್ನುತ್ತಾರೆ ಬೂದಕ್ಕ. "ಬೂದಿಗೆ ಗೊತ್ತಾಗುತ್ತೆ, ಕೂದಲಿಗೆ ಗೊತ್ತಾಗುತ್ತೆ. ಮನುಷ್ಯರಿಗೆ ಮಾತ್ರ ಮುಟ್ಟಿದ ಮೇಲೆ."

ಒಳಗೆ ಕಾಲಿಡುವ ಮುಂಚೆ ಕರೆಂಟು ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಆಮೇಲೆ ತಾಮ್ರದ ಸರಿಗೆಯ ಒಂದು ಕೊಕ್ಕೆಯನ್ನು ತಂತಿಗಳ ಚೌಕಟ್ಟಿಗೆ, ಇನ್ನೊಂದನ್ನು ಬಾಗಿಲ ಪಕ್ಕದ ಕಬ್ಬಿಣದ ಗೂಟಕ್ಕೆ ಹಾಕುತ್ತಾರೆ. ತಂತಿಯಲ್ಲಿ ಉಳಿದದ್ದೆಲ್ಲ ಗೂಟದ ಮೂಲಕ ನೆಲಕ್ಕೆ ಇಳಿದುಹೋಗಬೇಕು.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಗ್ಗೆ ಅದು ಇಳಿದಿರಲಿಲ್ಲ. ಕೀಲಿ ಸೊಂಟದಲ್ಲೇ ಇತ್ತು, ಕೊಕ್ಕೆ ಗೂಟದಲ್ಲೇ ಇತ್ತು. ಒಳಗೆ ತಂಗಿ ತಂತಿಯ ಪಕ್ಕ ಕರಣೆ ಎತ್ತಿದ್ದಳು. ಅವಳ ತಲೆವಸ್ತ್ರದಿಂದ ಜಾರಿದ ಕೂದಲು ಮೆಲ್ಲಗೆ ಎದ್ದು, ಯಾರೋ ತುದಿ ಹಿಡಿದೆಳೆದಂತೆ, ತಂತಿಯ ಕಡೆಗೆ ನೆಟ್ಟಗೆ ನಿಂತಿತು. ಅವಳಿಗೆ ಅದರ ಅರಿವೇ ಇಲ್ಲ, ಏನೋ ಹಾಡು ಗುನುಗುತ್ತಿದ್ದಳು.

"ನಾನು ಅವಳ ಹಿಂದೇನೇ ಇದ್ದೆ. ಕೂಗಿದ್ರೆ ಬೆಚ್ಚಿಬಿದ್ದು ತಂತಿ ಮುಟ್ತಾಳೆ. ಮೆಲ್ಲಗೆ ಅಂದೆ: ಕರಣೆ ಇಳಿಸು, ಕೂತ್ಕೋ, ಹಾಗೇ ಹಿಂದಕ್ಕೆ ತೆವಳು. ಹುಟ್ಟಿದಾಗಿನಿಂದ ನನ್ನ ಮಾತು ಕೇಳಿದೋಳಲ್ಲ. ಅವತ್ತೊಂದು ದಿನ ಕೇಳಿದ್ಲು."

ಹೊರಗೆ ಬಂದು ನೋಡಿದರೆ ಗೂಟ ಹಸಿರಾಗಿ ಫಳಫಳ ಹೊಳೆಯುತ್ತಿದೆ. ದೊಡ್ಡ ಸಾಹೇಬರು ಬರುತ್ತಾರೆಂದು ಹಿಂದಿನ ದಿನ ಯಾರೋ ಅದಕ್ಕೂ ಬಣ್ಣ ಬಳಿದಿದ್ದರು. ಬಣ್ಣ ದಾಟಿ ವಿದ್ಯುತ್ತು ನೆಲಕ್ಕಿಳಿಯುವುದು ಹೇಗೆ? ಪಕ್ಕದ ಕೋಣೆ ಓಡುತ್ತಿತ್ತು. ನಡುವಿನ ಕದದ ಸಂದಿಯಿಂದ ನುಸುಳಿದ ಬೂದಿ ತಾನು ಹೊತ್ತುತಂದ ವಿದ್ಯುತ್ತನ್ನೆಲ್ಲ ಈ ತಂತಿಗಳ ಮೇಲೆ ಇಳಿಸುತ್ತ ಹೋಗಿತ್ತು. ಸತ್ತ ತಂತಿ ಕತ್ತಲಲ್ಲಿ ಸದ್ದಿಲ್ಲದೆ ಜೀವ ತುಂಬಿಕೊಂಡು ಕಾಯುತ್ತಿತ್ತು.

ಅಂದಿನಿಂದ ಬೂದಕ್ಕನ ಚೀಲದಲ್ಲಿ ಒಂದು ಅರ ಇರುತ್ತದೆ. ಗೂಟವನ್ನು ಬೆಳ್ಳಿಬಣ್ಣ ಬರುವ ತನಕ ಉಜ್ಜದೆ ಕೊಕ್ಕೆ ಹಾಕುವುದಿಲ್ಲ. ಕೋಲು, ಕೂದಲು ಶುರುವಾದದ್ದೂ ಆಗಲೇ. ಕೂದಲು ಅವರದ್ದೇ.

ಈ ತಿಂಗಳ ಕೊನೆಗೆ ಅವರ ಕೆಲಸ ಮುಗಿಯುತ್ತದೆ. ಮುಂದೆ ತಂಗಿಯೇ ಮುಂದಾಳು. ಬೂದಕ್ಕನಿಗೆ ಒಂದೇ ದಿಗಿಲು: ತಂಗಿಗೆ ಆತುರ ಜಾಸ್ತಿ. "ಅನ್ನ ಬೇಯೋ ಮುಂಚೆ ತಟ್ಟೆ ಹಾಕೋಳು ಇವಳು. ಇಲ್ಲಿ ಆತುರಪಟ್ರೆ ಮನೆಗೆ ಬರಲ್ಲ."

ಇವತ್ತು ಎರಡನೇ ಕೋಣೆ ತಂಗಿಯ ಪಾಲು. ಅಕ್ಕ ಕೈಕಟ್ಟಿ ದೂರ ನಿಲ್ಲುತ್ತಾರೆ. ತಂಗಿ ತುಕ್ಕು ಹಿಡಿದ ಗೂಟಕ್ಕೆ ಅರದಿಂದ ಎರಡೇ ಎರಡು ಉಜ್ಜು ಉಜ್ಜಿ, ಕೊಕ್ಕೆ ಹಾಕಿ, ಕೋಲು ಒಳಗೆ ಚಾಚುತ್ತಾಳೆ. ಟಾರ್ಚಿನ ಬೆಳಕಲ್ಲಿ ನರೆಗೂದಲು ಅಲುಗುತ್ತದೆ. ಮೆಲ್ಲಗೆ ತುದಿ ಎತ್ತಿ, ಕತ್ತಲಿನಲ್ಲಿರುವ ಏನನ್ನೋ ತೋರಿಸುತ್ತ ನಿಲ್ಲುತ್ತದೆ. ಬೂದಕ್ಕ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಲ್ಲುತ್ತಾರೆ. ತಂಗಿ ಕೋಲನ್ನು ಹಿಂದಕ್ಕೆಳೆದು, ಬಾಗಿಲು ಹಾಕಿ, ಗೂಟದ ಮುಂದೆ ಕೂತು ಉಜ್ಜತೊಡಗುತ್ತಾಳೆ. ಹತ್ತು ನಿಮಿಷ, ಹದಿನೈದು ನಿಮಿಷ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತದೆ. ಮತ್ತೆ ಕೊಕ್ಕೆ, ಮತ್ತೆ ಕೋಲು.

"ಈಗ ಮಲಗಿದೆ, ಅಕ್ಕಾ."

ಬೂದಕ್ಕ ತಲೆವಸ್ತ್ರ ಬಿಚ್ಚಿ ಕಣ್ಣೊರೆಸಿಕೊಳ್ಳುತ್ತಾರೆ. ಬೂದಿ ಬಿತ್ತು ಎನ್ನುತ್ತಾರೆ. ಕೆಲಸ ಬಿಟ್ಟ ಮೇಲೆ ಏನು ಮಾಡುತ್ತೀರಿ ಎಂದು ನಾನು ಕೇಳಿದರೆ, ಜಡೆಯಿಂದ ಉದ್ದದ ಒಂದೆಳೆ ಕಿತ್ತು, ನಾಳೆಯ ಕೋಲಿಗೆಂದು ತಂಗಿಯ ಅಂಗೈಗೆ ಹಾಕುತ್ತಾರೆ.

"ಮನೇಲಿ ಹಾಯಾಗಿ ಮಲಗಿರ್ತೀನಿ. ಆದ್ರೂ ದಿನಾ ಬೆಳಗ್ಗೆ ಇವಳಿಗಿಂತ ಮುಂಚೆ ಒಳಗೆ ಹೋಗೋಳು ನಾನೇ."